ದತ್ತ ಯಾರದು, ಸಾಧನೆ ಯಾರದು?

ಕೆಲವು ತಿಂಗಳ ಹಿಂದೆ ಒಂದು ಅಧ್ಯಯನ ಶಿಬಿರದಲ್ಲಿ ಗೆಳೆಯರೊಬ್ಬರು ಎದ್ದು ನಿಂತು ಕೇಳಿದರು: "ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಕಟ್ಕೊಂಡು ನಮ್ ಕೇರಿ ಮಕ್ಳು ಏನ್ ಮಾಡ್ಬೇಕು? ಅದು ಮುದ್ದೆ ಆಗುತ್ತಾ, ಸಾರಾಗುತ್ತಾ?" ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಅವರು ತಮಾಷೆಗೆ ಕೇಳಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳ ಕುತ್ತಿಗೆ ಹಿಡಿದು ನಿಲ್ಲಿಸುವ ವಿಷಯಗಳಲ್ಲಿ ಗಣಿತ ಮೊದಲನೆಯದು. "ಹಿಂದೆ ಗುಡಿ ಹೊಸ್ತಿಲಲ್ಲಿ ತಡೀತಿದ್ರು, ಈಗ ಲೆಕ್ಕದ ಪೇಪರಲ್ಲಿ ತಡೀತಾರೆ. ಮಡಿ ಅದೇ, ಹೆಸರು ಬೇರೆ" ಎಂದರು ಅವರು. ಕೇರಿಯಲ್ಲಿ ನಾವು ಕೆಲವರು ನಡೆಸುವ ಸಂಜೆ ಪಾಠದಲ್ಲಿ ಈ ಬೀಜಗಣಿತ, ರೇಖಾಗಣಿತದ ಲೆಕ್ಕ ಮಾಡಿಸುವುದನ್ನು ಬಿಟ್ಟು, ಅದೇ ಹೊತ್ತಿನಲ್ಲಿ ಚಳವಳಿಯ ಚರಿತ್ರೆ ಹೇಳಿ, ಹಾಡು ಕಲಿಸಿ ಎಂಬುದು ಅವರ ಸಲಹೆ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ನಗು ಇಳಿದಿತ್ತು. ಪ್ರಶ್ನೆ ಲೆಕ್ಕದ್ದಲ್ಲ, ನ್ಯಾಯದ್ದು. ಹಗಲೆಲ್ಲ ಶಾಲೆ, ಶಾಲೆಯಿಂದ ಬಂದ ಮೇಲೆ ನೀರು, ಸೌದೆ, ದನ, ತಮ್ಮ ತಂಗಿಯರು. ಇಷ್ಟು ಮುಗಿಸಿ ಬಂದ ಹದಿನೈದು ವರ್ಷದ ಹುಡುಗಿಯನ್ನು ದೀಪದ ಕೆಳಗೆ ಕೂರಿಸಿ, "ಈ ಇಪ್ಪತ್ತು ಲೆಕ್ಕ ಮಾಡು, ನಾಳೆ ಇನ್ನಿಪ್ಪತ್ತು ಕೊಡ್ತೀನಿ" ಅನ್ನುವುದು ಸರಿಯೆ? ಅವಳ ಬೆನ್ನ ಮೇಲೆ ಇರುವ ದುಡಿಮೆಗೆ ನಾವು ಇನ್ನೊಂದು ದುಡಿಮೆ ಹೇರುತ್ತಿದ್ದೇವೆಯೆ? ಜೀತ ಅಂದರೆ ಬೇರೆಯವರು ಹೇಳಿದ್ದನ್ನು ಯಾಕೆ ಅಂತ ಕೇಳದೆ ದಿನಾ ಮಾಡುವುದು. ಪಠ್ಯಪುಸ್ತಕದಲ್ಲಿ ಪಾಠದ ಕೊನೆಗೆ 'ಅಭ್ಯಾಸ' ಅಂತ ಅಚ್ಚು ಹಾಕಿರುವುದು ಇದನ್ನೇ ಅಲ್ಲವೆ?

ಬಹಳ ಶಾಲೆಗಳಲ್ಲಿ ಆಗುತ್ತಿರುವುದು ಇದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಮದ್ವಿಬಾಹು ತ್ರಿಭುಜದ ಪಾದದ ಕೋನಗಳು ಸಮ ಎಂಬ ಪ್ರಮೇಯ ಎಲ್ಲರಿಗೂ ಗೊತ್ತು. ತುದಿಯ ಕೋನವನ್ನು ಎರಡು ಸಮಭಾಗ ಮಾಡುವ ಒಂದು ಗೆರೆ ಎಳೆದರೆ ಎರಡು ತ್ರಿಭುಜ ಆಗುತ್ತವೆ. ಬಾಹು, ಕೋನ, ಬಾಹು ಮೂರೂ ಸಮ. ಆದ್ದರಿಂದ ಒಂದರ ಮೇಲೆ ಒಂದು ಸರಿಯಾಗಿ ಕೂರುತ್ತವೆ. ಆದ್ದರಿಂದ ಪಾದದ ಕೋನಗಳೂ ಸಮ. ನಾಲ್ಕು ಮಾತು. ನಾನು ಹೇಳಿಕೊಡಲು ಶುರು ಮಾಡಿದ ದಿನಗಳಲ್ಲಿ ಒಬ್ಬ ಹುಡುಗ ಇದನ್ನು ಉಸಿರು ಬಿಡದೆ ಒಪ್ಪಿಸಿದ. ನಾನು ಚಿತ್ರವನ್ನು ತಲೆಕೆಳಗು ಬರೆದು ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಅಂತ ಹೆಸರಿಟ್ಟೆ. ಹುಡುಗ ಕಲ್ಲಾದ. "ಸಾ, ಇದು ನಮ್ಗೆ ಮಾಡಿಲ್ಲ" ಎಂದ. ಬೈಯುವ ಹಾಗಿರಲಿಲ್ಲ. ಅವನಿಗೆ ಪ್ರಮೇಯ ಕಲಿಸಿರಲಿಲ್ಲ, ಮಂತ್ರ ಕಲಿಸಿದ್ದರು. ಮಂತ್ರದಲ್ಲಿ ಅಕ್ಷರ ಬದಲಾದರೆ ಫಲ ಇಲ್ಲ. ಅರ್ಥ ಕೇಳುವ ಹಾಗಿಲ್ಲ, ಸ್ವರ ತಪ್ಪುವ ಹಾಗಿಲ್ಲ, ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ. ಸಾವಿರಾರು ವರ್ಷ ಯಾವ ಪದ್ಧತಿಯಲ್ಲಿ ನಮ್ಮನ್ನು ಹೊರಗಿಟ್ಟರೋ ಅದೇ ಪದ್ಧತಿಯಲ್ಲಿ ಈಗ ನಮ್ಮನ್ನು ಒಳಗೆ ಕರೆದು ಕೂರಿಸಿದ್ದಾರೆ ಅಷ್ಟೆ.

ಆದರೆ ಒಂದು ಮಾತು. ಮಂತ್ರವಾಗಿರುವುದು ಪ್ರಮೇಯದ ತಪ್ಪೆ, ಅದನ್ನು ಮಂತ್ರ ಮಾಡಿದವರ ತಪ್ಪೆ?

ಪ್ರಮೇಯ ಬರೆಯುವ ಕ್ರಮ ನೋಡಿ. ಮೊದಲ ಸಾಲಿನಲ್ಲಿ 'ದತ್ತ' ಅಂತ ಬರೆಯಬೇಕು. ಅಂದರೆ ಯಾವುದನ್ನು ನಾನು ಸಾಬೀತು ಮಾಡದೆ ಒಪ್ಪಿಕೊಂಡು ಹೊರಡುತ್ತಿದ್ದೇನೆ ಎಂಬುದು. ಆಮೇಲೆ 'ಸಾಧನೀಯ', ಏನನ್ನು ತೋರಿಸಲು ಹೊರಟಿದ್ದೇನೆ ಎಂಬುದು. ಆಮೇಲೆ 'ರಚನೆ', ಆಮೇಲೆ 'ಸಾಧನೆ'. ಪ್ರತಿ ಸಾಲಿನ ಪಕ್ಕದಲ್ಲೂ ಕಾರಣ ಬರೆಯಬೇಕು. ದತ್ತದಲ್ಲಿ ಇಲ್ಲದ್ದನ್ನು ನಡುವೆ ನುಗ್ಗಿಸುವ ಹಾಗಿಲ್ಲ. ಮೇಷ್ಟ್ರು ಹೇಳಿದರು ಎಂಬುದು ಕಾರಣ ಅಲ್ಲ. ಶಾಸ್ತ್ರ ಹೇಳುತ್ತದೆ, ಹಿರಿಯರು ನಡೆಸಿಕೊಂಡು ಬಂದಿದ್ದಾರೆ ಎಂಬುದೂ ಅಲ್ಲ. ಈಜಿಪ್ಟಿನ ದೊರೆ ಟಾಲೆಮಿ ರೇಖಾಗಣಿತಕ್ಕೆ ಹತ್ತಿರದ ದಾರಿ ಇಲ್ಲವೆ ಎಂದು ಯೂಕ್ಲಿಡನನ್ನು ಕೇಳಿದನಂತೆ. ಅರಸರಿಗೆಂದು ಬೇರೆ ದಾರಿ ಇಲ್ಲ ಎಂದನಂತೆ ಅವನು. ಪ್ರೋಕ್ಲಸ್ ಎಂಬ ವ್ಯಾಖ್ಯಾನಕಾರ ಬಹಳ ಕಾಲದ ಮೇಲೆ ಬರೆದ ಕಥೆ, ನಿಜವೋ ಸುಳ್ಳೋ. ನಮ್ಮ ಊರಿನ ಯಾವ ವಿದ್ಯೆಯ ಬಗ್ಗೆ ಇಂಥದೊಂದು ಕಥೆಯನ್ನಾದರೂ ಕಟ್ಟಿದ್ದಾರೆ, ಯೋಚಿಸಿ.

ಈಗ ಜಾತಿಯನ್ನು ಈ ಕ್ರಮದಲ್ಲಿ ಬರೆಯಲು ಹೇಳಿ ನೋಡೋಣ. ಇವನು ಮೇಲು, ಅವನು ಕೀಳು ಎಂಬುದು ಸಾಧನೀಯ ಅಂತ ಇಟ್ಟುಕೊಳ್ಳಿ. ಸಾಧನೆಯ ಸಾಲುಗಳನ್ನು ಓದುತ್ತಾ ಹೋದರೆ ಪ್ರತಿ ಕಾರಣದ ಜಾಗದಲ್ಲೂ ಸಿಗುವುದು ಮತ್ತೆ ಅದೇ: ಇವನು ಮೇಲಿನವನಾದ್ದರಿಂದ. ಸಾಬೀತು ಮಾಡಬೇಕಾದ್ದನ್ನೇ ದತ್ತ ಮಾಡಿಕೊಂಡಿದ್ದಾರೆ, ಅದನ್ನೂ ಮೇಲಿನ ಸಾಲಿನಲ್ಲಿ ಬರೆಯದೆ. ಹತ್ತನೇ ತರಗತಿಯ ಮಗು ಹೀಗೆ ಬರೆದರೆ ಸೊನ್ನೆ ಹಾಕುತ್ತೇವೆ. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಇದೇ ಎಂದು ನನಗೆ ಅನ್ನಿಸುತ್ತದೆ. ಜಾತಿ ದುಡಿಮೆಯ ಹಂಚಿಕೆ, ಜಾತಿ ರಕ್ತಶುದ್ಧಿ ಎಂಬ ವಾದಗಳನ್ನು ಒಂದೊಂದಾಗಿ ತೆಗೆದುಕೊಂಡು, ಎಲ್ಲಿಂದ ಹೊರಟು ಎಲ್ಲಿಗೆ ಬಂದಿರಿ, ನಡುವಿನ ಹೆಜ್ಜೆ ಎಲ್ಲಿ ಎಂದು ಕೇಳಿದರು.

ಆ ಅಂಬೇಡ್ಕರ್ ಬೋರ್ಡಿನ ಹತ್ತಿರ ಹೋದ ದಿನದ ಕಥೆ ನಿಮಗೆ ಗೊತ್ತಿರಬೇಕು. ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲು. ಅವರು ಮೆಟ್ರಿಕ್ ಪಾಸಾದದ್ದು 1907ರಲ್ಲಿ. ಅದಕ್ಕೆ ಮುಂಚಿನ ಮಾತು. ಲೆಕ್ಕ ಬಿಡಿಸು ಬಾ ಅಂತ ಮೇಷ್ಟ್ರು ಕರೆದರು. ಹುಡುಗ ಎದ್ದ ಕೂಡಲೇ ತರಗತಿಯಲ್ಲಿ ಗದ್ದಲ. ಸವರ್ಣೀಯ ಹುಡುಗರ ಊಟದ ಡಬ್ಬಿಗಳು ಬೋರ್ಡಿನ ಹಿಂದೆ ಇದ್ದವು. ಇವನು ಬೋರ್ಡು ಮುಟ್ಟಿದರೆ ಅನ್ನ ಮೈಲಿಗೆ. ಓಡಿ ಹೋಗಿ ಡಬ್ಬಿಗಳನ್ನು ಎತ್ತಿ ಈಚೆಗೆ ಎಸೆದರಂತೆ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಇದು ಬರುತ್ತದೆ. ಈ ಪ್ರಸಂಗವನ್ನು ನಾವು ಭಾಷಣದಲ್ಲಿ ಅವಮಾನದ ಕಥೆಯಾಗಿ ಹೇಳುತ್ತೇವೆ, ಅದು ಸರಿಯೇ. ನನ್ನ ಮನಸ್ಸು ಮಾತ್ರ ಪ್ರತಿ ಸಲ ಆ ಬೋರ್ಡಿನ ಮೇಲಿನ ಲೆಕ್ಕದ ಹತ್ತಿರವೇ ನಿಲ್ಲುತ್ತದೆ. ಡಬ್ಬಿಗಳು ಓಡಿದವು. ಲೆಕ್ಕ ಓಡಲಿಲ್ಲ. ಬಿಡಿಸಿದವನ ಕೈ ಯಾರದ್ದು ಅಂತ ನೋಡಿ ಉತ್ತರ ಬದಲಾಗಲಿಲ್ಲ.

ಇಷ್ಟು ಹೇಳಿದರೆ ಶಿಬಿರದ ಆ ಗೆಳೆಯರು ಸುಮ್ಮನಾಗುವವರಲ್ಲ. "ನಮ್ಮೋರಿಗೆ ಗಣಿತ ಮೊದ್ಲಿಂದ್ಲೂ ಗೊತ್ತು ಕಣಯ್ಯ, ನಿನ್ನ ಯೂಕ್ಲಿಡ್ ಯಾಕೆ?" ಅನ್ನುತ್ತಾರೆ. ಗಾರೆ ಕೆಲಸದವನು ಮನೆಗೆ ಮೂಲೆ ಹಾಕುವಾಗ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಿ, ಗುರುತಿಂದ ಗುರುತಿಗೆ ಐದು ಅಡಿ ಬಂದರೆ ಮೂಲೆ ಮಟ್ಟ ಅನ್ನುತ್ತಾನೆ. ಚರ್ಮ ಕೊಯ್ಯುವವನು ಒಂದು ಚೂರೂ ಹಾಳಾಗದ ಹಾಗೆ ಅಟ್ಟೆ ಕೊಯ್ಯುತ್ತಾನೆ. ನಿಜ. ಶುಲ್ಬಸೂತ್ರಗಳಲ್ಲಿ ಯಜ್ಞವೇದಿಕೆ ಕಟ್ಟುವುದಕ್ಕೆ ಹೇಳಿರುವುದೂ ಇದೇ ಮೂರು-ನಾಲ್ಕು-ಐದು. ಶುಲ್ಬ ಅಂದರೆ ಹಗ್ಗ. ಸೂತ್ರಕ್ಕೆ ಬೌಧಾಯನನ ಹೆಸರಿದೆ. ಹಗ್ಗ ಹೊಸೆದವರಿಗೆ, ಇಟ್ಟಿಗೆ ಸುಟ್ಟವರಿಗೆ ಹೆಸರಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಹಳೆ ಮೈಸೂರು ಸೀಮೆಯಲ್ಲಿ ಹೊಲದ ಗಡಿಯ ವ್ಯಾಜ್ಯ ಬಂದರೆ ತೀರ್ಮಾನ ಹೇಳುತ್ತಿದ್ದವನು ಹೊಲೆಯರ ಕುಳವಾಡಿ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಇದನ್ನು ಬರೆದಿಟ್ಟಿದ್ದಾರೆ. ಊರಿನ ನೆಲ ಅವನಿಗೆ ಅಂಗೈ. ಆದರೆ ಅವನು ಅದನ್ನು ಹೇಳಬೇಕಿದ್ದ ಬಗೆ ಕೇಳಿ. ಆ ನೆಲದ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಯ ಉದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಏನೂ ಆಗದು. ಗೆರೆ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಉಂಡೆ ಒಡೆಯುತ್ತದೆ, ಅವನು ಹದಿನೈದು ದಿನದಲ್ಲಿ ಸಾಯುತ್ತಾನೆ, ಮನೆ ಹಾಳಾಗುತ್ತದೆ ಅಂತ ನಂಬಿಕೆ.

ನನಗೆ ಈ ಕುಳವಾಡಿಯ ಬಗ್ಗೆ ಹೆಮ್ಮೆಯೂ ಇದೆ, ಸಂಕಟವೂ ಇದೆ. ರೇಖಾಗಣಿತ ಎಂಬ ವಿದ್ಯೆಗೆ ಗ್ರೀಕರು ಇಟ್ಟ ಹೆಸರಿನ ಅರ್ಥವೇ ಭೂಮಿಯ ಅಳತೆ. ಭೂಮಿಯ ಅಳತೆ ಗೊತ್ತಿದ್ದವನು ಹೊಲೆಯ, ಅದನ್ನು ಕಡತದಲ್ಲಿ ಬರೆದವನು ಶಾನುಭೋಗ, ಭೂಮಿ ಮಾತ್ರ ಇನ್ನೊಬ್ಬನದು. ಗೊತ್ತಿದ್ದವನ ಮಾತಿಗೆ ಬೆಲೆ ಬರಬೇಕಾದರೆ ಅವನು ತನ್ನ ಜೀವ ಅಡ ಇಡಬೇಕಿತ್ತು. ಶಾನುಭೋಗ ಎಂದಾದರೂ ಮಣ್ಣಿನ ಉಂಡೆ ಹೊತ್ತನೆ? ನಮ್ಮ ತಿಳಿವಳಿಕೆ ಯಾವಾಗಲೂ ನಮ್ಮ ಮೈಗೆ ಅಂಟಿಕೊಂಡೇ ಇತ್ತು. ಮೈ ಸತ್ತರೆ ತಿಳಿವಳಿಕೆ ಸತ್ತಿತು. ಗಾರೆಯವನಿಗೂ ಹಾಗೆಯೇ: ಮೂರು ನಾಲ್ಕಕ್ಕೆ ಐದು ಯಾಕೆ, ಆರು ಯಾಕಲ್ಲ ಅಂದರೆ "ಹಂಗೇ ಬುಡಪ್ಪ, ನಮ್ ದೊಡ್ಡೋರು ಮಾಡ್ತಿದ್ರು" ಅನ್ನುತ್ತಾನೆ. ಮಾಡ್ತಿದ್ದರು ಎಂಬುದು ಸಾಲದು. ಯಾಕೆ ಎಂಬುದು ಕಾಗದದ ಮೇಲೆ ಬಂದ ದಿನ ಆ ಮೂಲೆ ಅವನ ಕೈಯಿಂದ ಬಿಡುಗಡೆಯಾಗಿ ಅವನ ಮಗಳಿಗೂ, ಅವಳು ಎಂದೂ ನೋಡದ ಯಾರಿಗೋ ಸೇರುತ್ತದೆ. ಯಾರೂ ಜೀವ ಅಡ ಇಡಬೇಕಿಲ್ಲ. ಪ್ರಮೇಯ ಎಂದರೆ ನನ್ನ ಪಾಲಿಗೆ ಇದು: ಯಾರ ತಲೆಯ ಮೇಲೂ ಮಣ್ಣಿನ ಉಂಡೆ ಇಡದೆ ನಿಜ ಹೇಳುವ ಒಂದು ಬಗೆ.

ಏಕಲವ್ಯನ ಹೆಸರು ನಮ್ಮ ಬರಹಗಳಲ್ಲಿ ಹೇಳಿ ಹೇಳಿ ಸವೆದಿದೆ. ಆದರೂ ಅಭ್ಯಾಸದ ಮಾತು ಬಂದಾಗ ಅವನನ್ನು ಬಿಡುವುದು ಕಷ್ಟ. ಎಲ್ಲರೂ ಹೆಬ್ಬೆರಳಿನ ಮಾತು ಆಡುತ್ತಾರೆ. ನನಗೆ ಅದಕ್ಕಿಂತ ಮುಂಚಿನ ಮಣ್ಣಿನ ಬೊಂಬೆಯೇ ಕಾಡುತ್ತದೆ. ವಿದ್ಯೆ ಅವನದೇ, ದಿನವೂ ಬಾಣ ಬಿಟ್ಟ ತೋಳು ಅವನದೇ. ಆದರೂ ಎದುರಿಗೆ ದ್ರೋಣನ ಬೊಂಬೆ ಇಲ್ಲದೆ ಅದು ವಿದ್ಯೆ ಅಂತ ಅವನಿಗೆ ಅನ್ನಿಸಲಿಲ್ಲ. ಬೆರಳು ಹೋದದ್ದು ಬೊಂಬೆ ಮಾಡಿದ ದಿನವೇ. ಲೆಕ್ಕದಲ್ಲಿ ಬೊಂಬೆ ಬೇಕಿಲ್ಲ. ಉತ್ತರ ಸರಿಯೆ ಅಂತ ತಿಳಿಯಲು ಗುರುವಿನ ಮುಖ ನೋಡಬೇಕಿಲ್ಲ, ತಾಳೆ ನೋಡಿದರೆ ಸಾಕು. ಇದನ್ನು ಗುರುತಿಸದ ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ ತಮ್ಮದೇ ಬೊಂಬೆಯನ್ನು ತರಗತಿಯಲ್ಲಿ ನಿಲ್ಲಿಸಿದಂತೆ. ನಾನೂ ವರ್ಷಗಟ್ಟಲೆ ನಿಲ್ಲಿಸಿದ್ದೆ. ಮಗು ಉತ್ತರ ಬರೆದು ತಲೆ ಎತ್ತಿ ನನ್ನ ಹುಬ್ಬು ನೋಡುತ್ತಿತ್ತು. ಹುಬ್ಬು ಗಂಟಾದರೆ ಸರಸರ ಅಳಿಸುತ್ತಿತ್ತು, ಉತ್ತರ ಸರಿ ಇದ್ದರೂ.

ಇನ್ನು ಹೊತ್ತಿನ ಪ್ರಶ್ನೆ. 'ಅಭ್ಯಾಸ ಮಾಡಿದ್ರೆ ಯಾರಿಗೆ ಬೇಕಾದ್ರೂ ಬರುತ್ತೆ' ಎಂಬ ಮಾತು ಕೇಳಲು ಸಮಾನತೆಯ ಮಾತಿನಂತೆ ಇದೆ. ಅಭ್ಯಾಸಕ್ಕೆ ಹೊತ್ತು ಬೇಕು, ಬೆಳಕು ಬೇಕು, ಕಾಗದ ಬೇಕು, ತಪ್ಪು ಮಾಡಲು ಧೈರ್ಯ ಬೇಕು. ಇವೆಲ್ಲ ಇದ್ದವನಿಗೆ ಲೆಕ್ಕ ಬರುತ್ತದೆ. ಅದನ್ನು ಬುದ್ಧಿ ಎನ್ನುತ್ತಾರೆ, ಪ್ರತಿಭೆ ಎನ್ನುತ್ತಾರೆ. ಇಲ್ಲದವನಿಗೆ ಬರದಿದ್ದರೆ ಅದು ಅವನ ಹುಟ್ಟಿಗೆ ಹೋಗಿ ಕೂರುತ್ತದೆ. ಮೇಲುಜಾತಿ ಹುಡುಗ ಫೇಲಾದರೆ ಅವನು ಸೋಮಾರಿ. ನಮ್ಮ ಹುಡುಗ ಫೇಲಾದರೆ ಅವನ ಕುಲಕ್ಕೇ ಲೆಕ್ಕ ಹತ್ತುವುದಿಲ್ಲ. 1961ರಲ್ಲಿ ನಾಗನಗೌಡ ಸಮಿತಿ ಈ ರಾಜ್ಯದಲ್ಲಿ ಯಾರು ಹಿಂದುಳಿದವರು ಎಂದು ಅಳೆಯಲು ಹಿಡಿದ ಕೋಲು ಯಾವುದು ಗೊತ್ತೆ? ಒಂದು ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಇದ್ದಾರೆ ಎಂಬುದು. ಇಡೀ ರಾಜ್ಯದ ಸರಾಸರಿಯೇ ಸಾವಿರಕ್ಕೆ 6.9. ಆ ಕೋಲಿನ ಬಗ್ಗೆ ತಕರಾರು ಬಂತು, ಬಾಲಾಜಿ ಮೊಕದ್ದಮೆಯಲ್ಲಿ 1962ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಆದೇಶವನ್ನೇ ರದ್ದು ಮಾಡಿತು. ಅದು ಬೇರೆ ಕಥೆ. ಬೀಜಗಣಿತ ಕಲಿಸುತ್ತಿದ್ದ ಬೆಂಚುಗಳ ಮೇಲೆ ಕೂರಲು ಸಾವಿರದಲ್ಲಿ ಏಳು ಜನರೂ ಇರಲಿಲ್ಲ ಎಂಬುದನ್ನು ಮರೆಯದಿದ್ದರೆ ಸಾಕು. ಬೆಂಚೇ ಸಿಕ್ಕದವರ ಮೊಮ್ಮಕ್ಕಳಿಗೆ 'ನಿಮಗೆ ಗಣಿತದ ಸಂಸ್ಕಾರ ಇಲ್ಲ' ಅನ್ನುವವರಿಗೆ ನಾಚಿಕೆ ಇರಬೇಕು.

ಲೆಕ್ಕಗಳೂ ಏನು ಮುಗ್ಧವಲ್ಲ. ನಾಲ್ಕು ಗಂಡಸರು ಅಥವಾ ಆರು ಹೆಂಗಸರು ಒಂದು ಹೊಲವನ್ನು ಎಂಟು ದಿನದಲ್ಲಿ ಕೊಯ್ದರೆ... ಎಂದು ಶುರುವಾಗುವ ಲೆಕ್ಕಗಳನ್ನು ನಾವೆಲ್ಲ ಮಾಡಿದ್ದೇವೆ. ಬಿಡಿಸಿದರೆ ಒಬ್ಬ ಹೆಂಗಸು ಅಂದರೆ ಒಬ್ಬ ಗಂಡಸಿನ ಮೂರರಲ್ಲಿ ಎರಡು ಪಾಲು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವ ತನ್ನ ತಾಯಿ ಎಷ್ಟು ಪಾಲು ಎಂಬುದನ್ನು ಮಗು ಅಭ್ಯಾಸ ಮಾಡಿ ಕಲಿಯಿತು. 1976ರಲ್ಲಿ ಸಮಾನ ವೇತನದ ಕಾಯಿದೆ ಬಂತು. ದತ್ತವನ್ನು ಯಾರೂ ಪ್ರಶ್ನಿಸಲಿಲ್ಲ. ಈ ಲೆಕ್ಕವನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ಬಿಡಿಸಿ, ಆಮೇಲೆ ದತ್ತದ ಸಾಲಿಗೆ ವಾಪಸು ಬಂದು 'ಇದನ್ನು ಕೊಟ್ಟವರು ಯಾರು' ಎಂದು ಮಕ್ಕಳ ಕೈಲಿ ಕೇಳಿಸಿ.

ದಲಿತ ಪ್ಯಾಂಥರ್ 1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದಾಗ ಹೆಸರು ತಂದದ್ದು ಅಮೆರಿಕದ ಕರಿಯರಿಂದ. ಅವರಿಂದ ಹೋರಾಟದ ಹೆಸರು ತಂದ ನಾವು, ಅವರಲ್ಲೇ ಒಬ್ಬ ಹೋರಾಟಗಾರ ಬೀಜಗಣಿತ ಹಿಡಿದು ಹೊರಟದ್ದನ್ನು ಅಷ್ಟಾಗಿ ಗಮನಿಸಲಿಲ್ಲ. ಬಾಬ್ ಮೋಸೆಸ್. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ 1935ರಲ್ಲಿ ಹುಟ್ಟಿದವರು, ಗಣಿತದ ಮೇಷ್ಟ್ರು. 1961ರಿಂದ ಮಿಸಿಸಿಪ್ಪಿಯಲ್ಲಿ, ಧಣಿಗಳ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಕರಿಯ ರೈತರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋಗಿ ಏಟು ತಿಂದರು, ಜೈಲು ಕಂಡರು. ಅಲ್ಲಿ ಪಟ್ಟಿಗೆ ಸೇರಬೇಕಾದರೆ ಓದುಬರಹದ ಪರೀಕ್ಷೆ. ರಾಜ್ಯದ ಸಂವಿಧಾನದ ಒಂದು ತುಂಡನ್ನು ವಿವರಿಸಬೇಕು. ಸರಿಯೋ ತಪ್ಪೋ ಎಂದು ಹೇಳುವವನು ಬಿಳಿಯ ಅಧಿಕಾರಿ. ಓದು ಕೊಡದವರೇ ಓದು ಕೇಳುವುದು! 1965ರ ಮತದಾನದ ಹಕ್ಕಿನ ಕಾಯಿದೆ ಅಂಥ ಪರೀಕ್ಷೆಗಳನ್ನು ನಿಲ್ಲಿಸಿತು. ಅದೇ ಮೋಸೆಸ್ 1982ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ, ತಮ್ಮ ಮಗಳು ಓದುತ್ತಿದ್ದ ಶಾಲೆಯಲ್ಲಿ ಬೀಜಗಣಿತ ಕಲಿಸಲು ನಿಂತರು. ಅದು 'ಆಲ್ಜಿಬ್ರಾ ಪ್ರಾಜೆಕ್ಟ್' ಆಗಿ ಬೆಳೆಯಿತು. ಅವರ ವಾದ ಸರಳ. ಅಂದು ಓದು ಬಾರದ ಪಾಲುಗಾರ ಹೇಗೆ ಹೊರಗೆ ಉಳಿದನೋ, ಇಂದು ಬೀಜಗಣಿತ ಬಾರದ ಮಗು ಹಾಗೆ ಹೊರಗೆ ಉಳಿಯುತ್ತದೆ. ಆದ್ದರಿಂದ ಇದು ಪಾಠದ ಮಾತಲ್ಲ, ನಾಗರಿಕ ಹಕ್ಕಿನ ಮಾತು. 2021ರಲ್ಲಿ ತೀರಿಕೊಳ್ಳುವವರೆಗೂ ಆ ಮಾತು ಬಿಡಲಿಲ್ಲ.

ಅವರು ಮಕ್ಕಳಿಗೆ ಧನ ಸಂಖ್ಯೆ, ಋಣ ಸಂಖ್ಯೆ ಕಲಿಸಲು ಮೊದಲು ಪುಸ್ತಕ ತೆಗೆಯುತ್ತಿರಲಿಲ್ಲ. ಊರಿನ ರೈಲಿನಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಿದ್ದರು. ಯಾವ ಸ್ಟೇಷನ್ನಿನಿಂದ ಹೊರಟಿರಿ, ಯಾವ ಕಡೆಗೆ, ಎಷ್ಟು ಸ್ಟೇಷನ್. ಹೊರಟ ಜಾಗ ಸೊನ್ನೆ. ಒಂದು ಕಡೆ ಹೋದರೆ ಕೂಡು, ಇನ್ನೊಂದು ಕಡೆ ಹೋದರೆ ಕಳೆ.

ನಮ್ಮ ಊರಿಗೆ ರೈಲಿಲ್ಲ. ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಋಣ ಒಂದೇ, ಸಾಲ. ಶಿಬಿರದಿಂದ ಬಂದ ವಾರ ನಾನು ನನ್ನ ಅಪ್ಪನ ಜೀತದ ಲೆಕ್ಕವನ್ನೇ ಬೋರ್ಡಿನ ಮೇಲೆ ಹಾಕಿದೆ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೆ. ಸಾಲ 2000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ 3. ಅಂದರೆ ತಿಂಗಳಿಗೆ 60, ವರ್ಷಕ್ಕೆ 720. ಅಪ್ಪನ ದುಡಿಮೆಗೆ ಧಣಿ ಪುಸ್ತಕದಲ್ಲಿ ಜಮಾ ಮಾಡುತ್ತಿದ್ದದ್ದು ವರ್ಷಕ್ಕೆ 700. ಬಡ್ಡಿಗೆ ಬಡ್ಡಿ ಹಾಕಬೇಡಿ, ಧಣಿಗೆ ಅಷ್ಟು ರಿಯಾಯಿತಿ ಕೊಡೋಣ ಎಂದೆ. ಎಷ್ಟು ವರ್ಷ ದುಡಿದರೆ ಸಾಲ ತೀರುತ್ತದೆ?

ವರ್ಷಕ್ಕೆ 'ವ' ಅಂತ ಇಟ್ಟುಕೊಂಡರು. 2000 + 720ವ − 700ವ = 0. ಅಂದರೆ 2000 + 20ವ = 0. ಒಬ್ಬಳು ಹುಡುಗಿ ಮೊದಲು ಮುಗಿಸಿದಳು. ಮುಗಿಸಿ, ಉತ್ತರ ನೋಡಿ, ಅಳಿಸಿದಳು. ಮತ್ತೆ ಮಾಡಿದಳು, ಮತ್ತೆ ಅಳಿಸಿದಳು. ಏನಮ್ಮ ಅಂದೆ.

"ತಪ್ಪಾಯ್ತದೆ ಸಾ. ಮೈನಸ್ ನೂರು ಬತ್ತದೆ. ವರ್ಷ ಮೈನಸ್ ಆಯ್ತದಾ?"

ಸರಿ ಅಂತಲೂ ಹೇಳಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ಹುಬ್ಬನ್ನೂ ಆಡಿಸಲಿಲ್ಲ, ಅಷ್ಟು ಹೊತ್ತಿಗೆ ನಾನೂ ಒಂದಿಷ್ಟು ಕಲಿತಿದ್ದೆ. ಬೇರೆಯವರದ್ದು ಎಷ್ಟು ಬಂತು ಅಂದೆ. ಎಲ್ಲರದ್ದೂ ಮೈನಸ್ ನೂರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹಿಂದೆ ಕೂತಿದ್ದ, ಬಾಯಿ ಬಿಡದ ಹುಡುಗನೊಬ್ಬ ಹೇಳಿದ: "ಮುಂದಕ್ಕೆ ಓದ್ರೆ ತೀರಲ್ಲ ಅಂತ ಸಾ. ಹಿಂದಕ್ಕೆ ಓಗ್ಬೇಕು ನೂರು ವರ್ಷ." ನೂರು ವರ್ಷ ಹಿಂದೆ ನಿಮ್ಮಪ್ಪ ಹುಟ್ಟಿದ್ರಾ ಅಂತ ಇನ್ನೊಬ್ಬ ಕೇಳಿದ. ಇಲ್ಲ. ಅವರಪ್ಪ? ಅವರೂ ಇಲ್ಲ. ನನ್ನ ಅಪ್ಪ ಓದು ಬರದವನು. ಸಾಯುವ ತನಕ, ಇನ್ನೂ ಸ್ವಲ್ಪ ಮೈ ಬಗ್ಗಿಸಿ ದುಡಿದಿದ್ದರೆ ತೀರಿಸಿಬಿಡುತ್ತಿದ್ದೆ ಅನ್ನುತ್ತಿದ್ದ. ಜೀತ ನಿಂತದ್ದು ಸಾಲ ತೀರಿ ಅಲ್ಲ. 1976ರ ಕಾನೂನು ಬಂದು, ಊರಿಗೆ ಅದರ ಸುದ್ದಿ ಮುಟ್ಟಿದ ಮೇಲೆ. ತೀರಿಸಲಾರದೆ ಹೋದದ್ದು ತನ್ನ ತಪ್ಪು ಅಂತಲೇ ನಂಬಿದ್ದ. ಎರಡು ಸಾಲಿನ ಲೆಕ್ಕ ಅವನಿಗೆ ಯಾರೂ ಮಾಡಿ ತೋರಿಸಲಿಲ್ಲ. ಓದಿದ ಮಗನಾದ ನಾನೂ, ಅವನು ಇದ್ದಾಗ.

ಅವತ್ತಿಗೆ ಪಾಠ ಸಾಕು ಅಂತ ಬೋರ್ಡು ಒರೆಸಲು ಹೋದೆ. ಆ ಹುಡುಗಿ ತಡೆದಳು. "ಇರಿ ಸಾ. ಐದು ವರ್ಷಕ್ಕೆ ತೀರ್ಬೇಕಾದ್ರೆ ಎಷ್ಟು ಜಮಾ ಮಾಡ್ಬೇಕಾಗಿತ್ತು?" ಈ ಲೆಕ್ಕ ನಾನು ಕೊಟ್ಟದ್ದಲ್ಲ, ಪುಸ್ತಕದಲ್ಲೂ ಇಲ್ಲ. 700ರ ಜಾಗದಲ್ಲಿ 'ಕ' ಅಂತ ತಾನೇ ಇಟ್ಟಳು, ಕೂಲಿಯ ಕ. ವ ಇದ್ದ ಕಡೆ 5 ಬರೆದಳು. 2000 + 3600 − 5ಕ = 0. ಉತ್ತರ 1120 ಬಂತು. ನನ್ನ ಮುಖ ನೋಡಲಿಲ್ಲ. ಕೆಳಗೆ ಒಂದು ಗೆರೆ ಎಳೆದು, 1120ನ್ನು ಐದರಿಂದ ಗುಣಿಸಿ 5600 ಬರೆದಳು. ಪಕ್ಕದಲ್ಲಿ 2000ಕ್ಕೆ 3600 ಕೂಡಿ 5600 ಬರೆದಳು. ಎರಡನ್ನೂ ಬೆರಳಿಟ್ಟು ನೋಡಿ, "ಕೂಡ್ತದೆ" ಅಂದು ಪುಸ್ತಕ ಮಡಚಿ ಎದ್ದಳು. ಮನೆಯಲ್ಲಿ ಒಲೆ ಹಚ್ಚುವ ಹೊತ್ತಾಗಿತ್ತು.